ಮನೆಯ ಲ್ಯಾಬ್‌ನಲ್ಲಿ ಪ್ರಾಕ್ಸ್‌ಮಾಕ್ಸ್ 8ರಿಂದ 9ಕ್ಕೆ: ಅಪ್‌ಗ್ರೇಡ್ ಮಾಡುವ ಕ್ರಮ

ಹಳೆಯ ಆಫೀಸ್ ಕಂಪ್ಯೂಟರನ್ನೋ ಮಿನಿ ಪಿಸಿಯನ್ನೋ ಮನೆಯ ಮೂಲೆಯಲ್ಲಿಟ್ಟು, ಅದರ ಮೇಲೆ ಹತ್ತಾರು ವರ್ಚುವಲ್ ಮಷಿನ್ ಮತ್ತು ಕಂಟೇನರ್‌ಗಳನ್ನು (ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವ ವ್ಯವಸ್ಥೆಗಳನ್ನು) ನಡೆಸುವವರಲ್ಲಿ ಪ್ರಾಕ್ಸ್‌ಮಾಕ್ಸ್ ವಿಇ ಬಳಸುವವರು ಬಹಳ ಮಂದಿ ಇದ್ದಾರೆ. ವಿಯೆನ್ನಾದ ಕಂಪನಿಯೊಂದು 2008ರಿಂದ ಹೊರತರುತ್ತಿರುವ ಈ ಮುಕ್ತ ತಂತ್ರಾಂಶ ಡೆಬಿಯನ್ ಲಿನಕ್ಸ್‌ನ ಮೇಲೆ ನಿಂತಿದೆ. ಅದರ 8ನೇ ಆವೃತ್ತಿಗೆ ಡೆಬಿಯನ್ 12, ಅಂದರೆ ಬುಕ್‌ವರ್ಮ್ ಆಧಾರ. 2025ರ ಆಗಸ್ಟ್ 5ರಂದು ಬಂದ 9.0 ಆವೃತ್ತಿಗೆ ಡೆಬಿಯನ್ 13, ಅಂದರೆ ಟ್ರಿಕ್ಸಿ ಆಧಾರ. 8ನೇ ಆವೃತ್ತಿಯ ಬೆಂಬಲಕ್ಕೆ 2026ರ ಆಗಸ್ಟ್ ಗಡುವಾಗಿರುವುದರಿಂದ ಈ ಕೆಲಸವನ್ನು ಮುಂದೂಡುತ್ತಾ ಹೋಗುವಂತಿಲ್ಲ.

8.3ರಿಂದ 8.4ಕ್ಕೆ ಹೋಗುವುದಕ್ಕೂ 8ರಿಂದ 9ಕ್ಕೆ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಮನಗಾಣಬೇಕು. ಎರಡನೆಯದರಲ್ಲಿ ಪ್ರಾಕ್ಸ್‌ಮಾಕ್ಸ್ ಮಾತ್ರವಲ್ಲದೆ ಅದರ ಕೆಳಗಿನ ಇಡೀ ಆಪರೇಟಿಂಗ್ ಸಿಸ್ಟಂ, ಕರ್ನಲ್, ಬೂಟ್‌ಲೋಡರ್, ವರ್ಚುವಲ್ ಮಷಿನ್ ನಡೆಸುವ ಕೆಮು, ಕಂಟೇನರ್ ನಡೆಸುವ ಎಲ್‌ಎಕ್ಸ್‌ಸಿ, ಡಿಸ್ಕ್‌ಗಳ ಕಡತವ್ಯವಸ್ಥೆಯಾದ ಜೆಡ್‌ಎಫ್‌ಎಸ್ ಎಲ್ಲವೂ ಬದಲಾಗುತ್ತವೆ. ಒಮ್ಮೆ ಬದಲಾದ ಮೇಲೆ 9ರಿಂದ 8ಕ್ಕೆ ಇಳಿಸುವ ಆಜ್ಞೆ ಯಾವುದೂ ಇಲ್ಲ. ಆದ್ದರಿಂದ ಹಿಂದಿರುಗುವ ದಾರಿಯನ್ನು ನಾವೇ ಮೊದಲು ಕಟ್ಟಿಕೊಳ್ಳಬೇಕು. ಅದು ನಿಜವಾಗಿಯೂ ನಡೆಯುವ ದಾರಿಯೇ ಎಂದು ಪರೀಕ್ಷಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ಅಪ್‌ಗ್ರೇಡ್ ಆಜ್ಞೆ ಓಡುವುದು ಈ ಕೆಲಸದ ಸಣ್ಣ ಭಾಗ. ಈ ಮಾರ್ಗದರ್ಶಿಯ ಬಹುಪಾಲು ಅದಕ್ಕೆ ಮುಂಚಿನ ಸಿದ್ಧತೆಯ ಬಗ್ಗೆಯೇ ಇರುವುದಕ್ಕೆ ಅದೇ ಕಾರಣ.

ಬ್ಯಾಕಪ್: ಏನು ಸೇರಿದೆ, ಏನು ಸೇರಿಲ್ಲ

ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ ಎಂಬ ನೆಮ್ಮದಿಯಲ್ಲಿರುವವರು ಕೂಡ ಆ ಬ್ಯಾಕಪ್‌ನೊಳಗೆ ಏನಿದೆ ಎಂದು ಈ ಸಂದರ್ಭದಲ್ಲಿ ಒಮ್ಮೆ ನೋಡಲೇಬೇಕು. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ವ್ಯವಸ್ಥೆ ವರ್ಚುವಲ್ ಮಷಿನ್‌ನ ಡಿಸ್ಕ್‌ಗಳನ್ನು ತಾನಾಗಿಯೇ ಸೇರಿಸಿಕೊಳ್ಳುತ್ತದೆ, ಆದರೆ ಯಾರಾದರೂ ಡಿಸ್ಕ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಗುರುತನ್ನು ತೆಗೆದಿದ್ದರೆ ಆ ಡಿಸ್ಕ್ ಹೊರಗುಳಿಯುತ್ತದೆ. ಕಂಟೇನರ್‌ಗಳ ವಿಷಯ ಇನ್ನೂ ಸೂಕ್ಷ್ಮ: ಕಂಟೇನರ್‌ನ ಮೂಲ ಡಿಸ್ಕ್ ಸೇರುತ್ತದೆ, ಹೆಚ್ಚುವರಿಯಾಗಿ ಜೋಡಿಸಿದ ಮೌಂಟ್ ಪಾಯಿಂಟ್‌ಗಳು ನೀವು ಸ್ಪಷ್ಟವಾಗಿ ಗುರುತು ಹಾಕಿದರೆ ಮಾತ್ರ ಸೇರುತ್ತವೆ, ಹೋಸ್ಟ್‌ನ (ಪ್ರಾಕ್ಸ್‌ಮಾಕ್ಸ್ ಓಡುವ ಯಂತ್ರದ) ಫೋಲ್ಡರನ್ನು ನೇರವಾಗಿ ಕಂಟೇನರ್‌ಗೆ ತೋರಿಸುವ ಬೈಂಡ್ ಮೌಂಟ್‌ಗಳು ಎಂದಿಗೂ ಸೇರುವುದಿಲ್ಲ. ಮನೆಮಂದಿಯ ಫೋಟೊಗಳನ್ನು ಇಡುವ ಕಂಟೇನರ್ ಬಹುತೇಕ ಮನೆಗಳಲ್ಲಿ ಇದೇ ಬೈಂಡ್ ಮೌಂಟ್ ಮೇಲೆ ನಡೆಯುತ್ತಿರುತ್ತದೆ. ಹೀಗಿರುವಾಗ ಬ್ಯಾಕಪ್‌ನಲ್ಲಿ ಉಳಿಯುವುದು ಫೋಟೊ ತೋರಿಸುವ ತಂತ್ರಾಂಶ ಮಾತ್ರ, ಫೋಟೊಗಳಲ್ಲ. ಅವುಗಳಿಗೆ ಬೇರೆಯದೇ ಪ್ರತಿಯನ್ನು ಮಾಡಿಕೊಳ್ಳಬೇಕು.

ಗೆಸ್ಟ್‌ಗಳ, ಅಂದರೆ ಹೋಸ್ಟ್ ಮೇಲೆ ಓಡುವ ವರ್ಚುವಲ್ ಮಷಿನ್ ಮತ್ತು ಕಂಟೇನರ್‌ಗಳ, ಬ್ಯಾಕಪ್ ಜೊತೆಗೆ ಹೋಸ್ಟ್‌ನ ಸಂರಚನೆಯೂ ಬೇಕು. ಇಟಿಸಿ ಫೋಲ್ಡರ್ ಪೂರ್ತಿಯನ್ನು, ಅದರೊಳಗಿನ ಪಿವಿಇ ಫೋಲ್ಡರ್ ಸಹಿತ, ಒಂದು ಟಾರ್ ಕಡತವಾಗಿ ಕಟ್ಟಿ ಬೇರೆ ಯಂತ್ರಕ್ಕೆ ಕಳಿಸಿ. ಪಿವಿಇ ಫೋಲ್ಡರ್ ಡಿಸ್ಕ್ ಮೇಲಿರುವ ಸಾಮಾನ್ಯ ಫೋಲ್ಡರ್ ಅಲ್ಲ. ಅದು ಒಂದು ಡೇಟಾಬೇಸ್‌ನಿಂದ ಮೂಡಿ ಬರುವ ಕಡತವ್ಯವಸ್ಥೆ. ಹೋಸ್ಟ್ ಸರಿಯಾಗಿ ಓಡುತ್ತಿರುವಾಗ ಮಾತ್ರ ಅದು ಕಾಣಿಸುತ್ತದೆ, ಹೋಸ್ಟ್ ಕೆಟ್ಟುನಿಂತ ಮೇಲೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಆ ಜಾಗ ಖಾಲಿಯಾಗಿ ಕಾಣುತ್ತದೆ. ಪ್ರತಿಯೊಂದು ಗೆಸ್ಟ್‌ನ ಮೆಮೊರಿ, ಡಿಸ್ಕ್, ನೆಟ್‌ವರ್ಕ್ ವಿವರ, ಸ್ಟೋರೇಜ್ ಪಟ್ಟಿ, ಬಳಕೆದಾರರ ಅನುಮತಿಗಳು ಎಲ್ಲವೂ ಇರುವುದು ಅಲ್ಲಿಯೇ.

ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಬಳಸಿ, ಬ್ಯಾಕಪ್‌ಗಳನ್ನು ಎನ್‌ಕ್ರಿಪ್ಟ್ ಮಾಡುತ್ತಿರುವವರು ಆ ಕೀಲಿ ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಬೇಕು. ಕೀಲಿಯ ಕಡತ ಅದೇ ಹೋಸ್ಟ್‌ನ ಪಿವಿಇ ಫೋಲ್ಡರ್‌ನೊಳಗಿನ ಖಾಸಗಿ ಭಾಗದಲ್ಲಿರುತ್ತದೆ. ಹೋಸ್ಟ್ ಹೋದರೆ ಕೀಲಿಯೂ ಹೋಗುತ್ತದೆ, ಕೀಲಿ ಹೋದರೆ ಅಚ್ಚುಕಟ್ಟಾಗಿ ಉಳಿದಿರುವ ಬ್ಯಾಕಪ್‌ನಿಂದ ಒಂದು ಅಕ್ಷರವನ್ನೂ ಹೊರತೆಗೆಯಲಾಗದು. ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಇಡುವುದು ಒಳ್ಳೆಯದು.

ಇಷ್ಟಾದ ಮೇಲೆ, ನಿಮಗೆ ಮುಖ್ಯವಾದ ಒಂದು ವರ್ಚುವಲ್ ಮಷಿನನ್ನು ಆರಿಸಿ, ಬೇರೆ ಸಂಖ್ಯೆ ಕೊಟ್ಟು, ರಿಸ್ಟೋರ್ ಮಾಡಿ ನೋಡಿ. ರಿಸ್ಟೋರ್ ಮಾಡುವಾಗ ‘ಯುನೀಕ್’ ಎಂಬ ಆಯ್ಕೆಯನ್ನು ಗುರುತಿಸಿದರೆ ಹೊಸ ಮ್ಯಾಕ್ ವಿಳಾಸ ಸಿಗುತ್ತದೆ. ಒಳಗಿನ ಐಪಿ ವಿಳಾಸ ಸ್ಥಿರವಾಗಿದ್ದರೆ ಮೂಲ ಯಂತ್ರದೊಡನೆ ಘರ್ಷಣೆಯಾಗದಂತೆ ಅದರ ನೆಟ್‌ವರ್ಕ್ ಕಾರ್ಡನ್ನು ಡಿಸ್‌ಕನೆಕ್ಟ್ ಮಾಡಿಯೇ ಚಾಲೂ ಮಾಡಿ. ಲಾಗಿನ್ ಆಗಿ, ಒಳಗಿನ ಡೇಟಾ ಕಣ್ಣಿಗೆ ಕಂಡ ಮೇಲೆಯೇ ಬ್ಯಾಕಪ್ ಇದೆ ಎಂದು ಹೇಳಲು ಬರುವುದು.

ಹೋಸ್ಟ್‌ನ ಮೂಲ ಡಿಸ್ಕ್ ಜೆಡ್‌ಎಫ್‌ಎಸ್ ಆಗಿದ್ದವರಿಗೆ ಇನ್ನೊಂದು ಅನುಕೂಲವಿದೆ. ಅಪ್‌ಗ್ರೇಡ್‌ಗೆ ಸ್ವಲ್ಪ ಮುಂಚೆ ಮೂಲ ಡೇಟಾಸೆಟ್‌ನ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡರೆ, ಕೆಲಸ ಕೆಟ್ಟಾಗ ಇನ್‌ಸ್ಟಾಲರ್ ಇರುವ ಯುಎಸ್‌ಬಿಯಿಂದ ಬೂಟ್ ಆಗಿ ಆ ಸ್ಥಿತಿಗೆ ಮರಳಬಹುದು. ಆದರೆ ಬೂಟ್ ವಿಭಾಗ ಈ ಸ್ನ್ಯಾಪ್‌ಶಾಟ್‌ನ ಹೊರಗಿರುವುದರಿಂದ, ಮರಳಿದ ನಂತರ ಬೂಟ್ ವಿಭಾಗವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಡಿಸ್ಕ್ ಜೋಡಿಸುವ ಇತರ ವಿಧಾನಗಳಾದ ಎಲ್‌ವಿಎಂ ಅಥವಾ ಇಎಕ್ಸ್‌ಟಿ4 ಮೇಲಿರುವವರು ಬೂಟ್ ಡಿಸ್ಕ್‌ನ ಪೂರ್ಣ ಪ್ರತಿಯನ್ನು ಕ್ಲೋನ್‌ಜಿಲ್ಲಾದಂತಹ ಉಪಕರಣದಿಂದ ತೆಗೆದಿಟ್ಟುಕೊಳ್ಳುವುದು ಮೇಲು.

ಒಂದರ ಮೇಲೊಂದು ಆತುಕೊಂಡ ಸೇವೆಗಳು

ಮನೆಯ ಲ್ಯಾಬ್‌ನಲ್ಲಿ ಮಾತ್ರ ಕಾಣುವ ತೊಡಕೊಂದಿದೆ, ದೊಡ್ಡ ಸಂಸ್ಥೆಗಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಅದರ ಪ್ರಸ್ತಾಪ ಕಡಿಮೆ. ಇಂಟರ್‌ನೆಟ್ ಹಂಚುವ ರೌಟರ್ ಒಂದು ವರ್ಚುವಲ್ ಮಷಿನ್. ಹೆಸರುಗಳನ್ನು ವಿಳಾಸಗಳಾಗಿ ತಿರುಗಿಸುವ ಡಿಎನ್‌ಎಸ್ ಒಂದು ಕಂಟೇನರ್. ಬ್ಯಾಕಪ್ ಸರ್ವರ್ ಇನ್ನೊಂದು ವರ್ಚುವಲ್ ಮಷಿನ್. ಪಾಸ್‌ವರ್ಡ್ ಮ್ಯಾನೇಜರ್ ಮತ್ತೊಂದು ಕಂಟೇನರ್. ಇವೆಲ್ಲವೂ ಅಪ್‌ಗ್ರೇಡ್ ಆಗಬೇಕಾದ ಅದೇ ಹೋಸ್ಟ್‌ನ ಮೇಲೆ ಓಡುತ್ತಿರುತ್ತವೆ. ಅಪ್‌ಗ್ರೇಡ್‌ಗಾಗಿ ಗೆಸ್ಟ್‌ಗಳನ್ನು ನಿಲ್ಲಿಸಿದೊಡನೆ ಹೋಸ್ಟ್‌ಗೆ ಇಂಟರ್‌ನೆಟ್ ಇಲ್ಲ, ಪ್ಯಾಕೇಜ್ ಇಳಿಸಿಕೊಳ್ಳಲು ಹೆಸರು ತಿಳಿಯದು, ಕೆಟ್ಟರೆ ಬ್ಯಾಕಪ್ ಸಿಗದು, ಹೋಸ್ಟ್‌ನ ರೂಟ್ ಪಾಸ್‌ವರ್ಡ್ ಕೂಡ ಆ ಕಂಟೇನರ್‌ನಲ್ಲೇ ಸಿಕ್ಕಿಕೊಂಡಿರುತ್ತದೆ.

ಈ ಗಂಟನ್ನು ಬಿಡಿಸುವುದು ಕಷ್ಟವಲ್ಲ, ಮೊದಲೇ ಬಿಡಿಸಬೇಕು ಅಷ್ಟೆ. ಬ್ಯಾಕಪ್‌ನ ಒಂದು ಪ್ರತಿಯನ್ನು ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಅಥವಾ ಇನ್ನೊಂದು ಯಂತ್ರಕ್ಕೆ ಸಾಗಿಸಿ. ರೂಟ್ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳಿ. ಹೋಸ್ಟ್‌ನ ಡಿಎನ್‌ಎಸ್ ಸೆಟ್ಟಿಂಗ್ ನಿಮ್ಮ ಕಂಟೇನರ್‌ನತ್ತ ತೋರಿಸುತ್ತಿದ್ದರೆ ತಾತ್ಕಾಲಿಕವಾಗಿ ಸಾರ್ವಜನಿಕ ಡಿಎನ್‌ಎಸ್ ಒಂದರತ್ತ ತಿರುಗಿಸಿ. ರೌಟರ್ ಗೆಸ್ಟ್ ಆಗಿದ್ದರೆ ಎರಡು ದಾರಿಗಳಿವೆ: ಇಂಟರ್‌ನೆಟ್ ಕಂಪನಿ ಕೊಟ್ಟ ಮೋಡೆಮ್‌ನಿಂದ ಹೋಸ್ಟ್‌ಗೆ ನೇರ ಸಂಪರ್ಕ ಕೊಡುವುದು ಒಂದು, ರೌಟರ್ ಓಡುತ್ತಿರುವಾಗಲೇ, ಡೆಬಿಯನ್‌ನ ಪ್ಯಾಕೇಜ್ ಉಪಕರಣವಾದ ಎಪಿಟಿಯ ‘ಡೌನ್‌ಲೋಡ್-ಓನ್ಲಿ’ ಆಯ್ಕೆ ಬಳಸಿ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಇಳಿಸಿಟ್ಟುಕೊಂಡು, ಆನಂತರ ಗೆಸ್ಟ್‌ಗಳನ್ನು ನಿಲ್ಲಿಸಿ ಅಪ್‌ಗ್ರೇಡ್ ಮಾಡುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅರ್ಧದಲ್ಲಿ ಸಂಪರ್ಕ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಕರೆಂಟಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಪ್ಯಾಕೇಜ್‌ಗಳು ಅರ್ಧ ಬಿಚ್ಚಿಕೊಂಡಿರುವಾಗ, ಅದರಲ್ಲೂ ಬೂಟ್‌ಲೋಡರ್ ಬರೆಯುತ್ತಿರುವಾಗ ವಿದ್ಯುತ್ ಹೋಗುವುದು ಎಲ್ಲಕ್ಕಿಂತ ಕೆಟ್ಟ ಗಳಿಗೆ. ನಮ್ಮ ಕಡೆ ಮಳೆಗಾಲದ ಸಂಜೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಹೋಸ್ಟ್ ಮಾತ್ರವಲ್ಲ, ನೆಟ್‌ವರ್ಕ್ ಸ್ವಿಚ್ ಮತ್ತು ಮೋಡೆಮ್ ಕೂಡ ಯುಪಿಎಸ್ ಮೇಲಿರುವಂತೆ ನೋಡಿಕೊಂಡು, ಮಳೆಯಿಲ್ಲದ ಒಂದು ಬೆಳಗನ್ನು ಈ ಕೆಲಸಕ್ಕೆ ಆರಿಸಿಕೊಳ್ಳಿ.

ಪರೀಕ್ಷಿಸುವ ಸ್ಕ್ರಿಪ್ಟ್ ಮತ್ತು ಅದು ಎತ್ತಿ ತೋರುವ ಸಂಗತಿಗಳು

ಮೊದಲು 8ರ ಕೊನೆಯ ಮಟ್ಟಕ್ಕೆ, ಅಂದರೆ 8.4ರ ಇತ್ತೀಚಿನ ಪ್ಯಾಕೇಜ್‌ಗಳಿಗೆ ಬನ್ನಿ. ಆಗ ‘ಪಿವಿಇ8ಟು9’ ಎಂಬ ಸ್ಕ್ರಿಪ್ಟ್ ನಿಮ್ಮ ಹೋಸ್ಟ್‌ನಲ್ಲಿ ಸಿಗುತ್ತದೆ. ಅದನ್ನು ‘ಫುಲ್’ ಆಯ್ಕೆಯೊಂದಿಗೆ ಓಡಿಸಿ. ಅದು ತಾನಾಗಿ ಏನನ್ನೂ ಬದಲಿಸುವುದಿಲ್ಲ, ಪರೀಕ್ಷಿಸಿ ವರದಿ ಕೊಡುತ್ತದೆ. ಕೆಂಪು ಬಣ್ಣದ ವೈಫಲ್ಯ ಒಂದಿದ್ದರೂ ಮುಂದುವರಿಯಬೇಡಿ. ಹಳದಿ ಎಚ್ಚರಿಕೆಗಳಲ್ಲಿ ಪ್ರತಿಯೊಂದನ್ನೂ ಓದಿ, ಅದು ನಿಮಗೆ ಏಕೆ ಅನ್ವಯಿಸುತ್ತದೆ ಅಥವಾ ಏಕೆ ಅನ್ವಯಿಸುವುದಿಲ್ಲ ಎಂದು ಹೇಳಲು ಸಾಧ್ಯವಾದ ಮೇಲೆಯೇ ದಾಟಿ. ಒಂದೊಂದನ್ನು ಸರಿಪಡಿಸಿದಂತೆ ಸ್ಕ್ರಿಪ್ಟನ್ನು ಮತ್ತೆ ಓಡಿಸುತ್ತಿರಿ.

ಮನೆಯ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಕೆಲವನ್ನು ವಿವರಿಸುತ್ತೇನೆ. ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮೂಲಕ ಬೂಟ್ ಆಗುವ ಯಂತ್ರಗಳಲ್ಲಿ ‘ಸಿಸ್ಟಂಡಿ-ಬೂಟ್’ ಎಂಬ ಪ್ಯಾಕೇಜ್ ಇದ್ದರೆ ಅದನ್ನು ತೆಗೆಯುವಂತೆ ಸ್ಕ್ರಿಪ್ಟ್ ಹೇಳಬಹುದು. ಡೆಬಿಯನ್ 13ರಲ್ಲಿ ಆ ಪ್ಯಾಕೇಜ್ ಬೂಟ್ ವಿಭಾಗದಲ್ಲಿ ತಾನೇ ಕೈಹಾಕುವುದರಿಂದ ಪ್ರಾಕ್ಸ್‌ಮಾಕ್ಸ್‌ನ ಸ್ವಂತ ಬೂಟ್ ಉಪಕರಣಕ್ಕೆ ಅಡ್ಡಿಯಾಗುತ್ತದೆ. ಹೆಸರು ಕೇಳಿ ಗಾಬರಿಯಾಗದೆ, ಸ್ಕ್ರಿಪ್ಟ್ ಹೇಳಿದ್ದನ್ನೇ ಮಾಡಿ. ಎಲ್‌ವಿಎಂ ಮತ್ತು ಯುಇಎಫ್‌ಐ ಜೊತೆಯಾಗಿರುವ ಕಡೆ ಗ್ರಬ್ ಬೂಟ್‌ಲೋಡರ್‌ನ ಇಎಫ್‌ಐ ಪ್ಯಾಕೇಜ್ ಇಲ್ಲವೆಂಬ ಎಚ್ಚರಿಕೆ ಬರಬಹುದು. ಅದನ್ನು ಅಪ್‌ಗ್ರೇಡ್‌ಗೆ ಮುಂಚೆಯೇ ಸ್ಥಾಪಿಸಬೇಕು, ಇಲ್ಲವಾದರೆ ಹಳೆಯ ಬೂಟ್‌ಲೋಡರ್ ಹಾಗೆಯೇ ಉಳಿದು ಯಂತ್ರ ಏಳದೆ ಹೋಗಬಹುದು.

ಹಳೆಯ ಕಂಟೇನರ್‌ಗಳು ಎರಡನೆಯ ವಿಷಯ. 9ನೇ ಆವೃತ್ತಿ ಕಂಟೇನರ್‌ಗಳಿಗೆ ಸಂಪನ್ಮೂಲ ಹಂಚುವ ಸಿಗ್ರೂಪ್‌ನ ಹಳೆಯ ಮೊದಲ ಆವೃತ್ತಿಯನ್ನು ಪೂರ್ತಿ ಕೈಬಿಟ್ಟಿದೆ. ಹೀಗಾಗಿ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಂಡಿಯ 230 ಅಥವಾ ಅದಕ್ಕಿಂತ ಹಳೆಯದನ್ನು ಹೊಂದಿದ ಕಂಟೇನರ್‌ಗಳು, ಅಂದರೆ ಸೆಂಟ್‌ಓಎಸ್ 7 ಮತ್ತು ಉಬುಂಟು 16.04ರ ಕಾಲದವು, ಅಲ್ಲಿ ಓಡುವುದಿಲ್ಲ. ಅವುಗಳೊಳಗಿನ ಸೇವೆಯನ್ನು ಹೊಸ ಕಂಟೇನರ್‌ಗೆ ಸಾಗಿಸಬೇಕು. ಅದಕ್ಕೆ ಸಮಯವಿಲ್ಲದಿದ್ದರೆ ಅದೇ ಆಪರೇಟಿಂಗ್ ಸಿಸ್ಟಂ ಅನ್ನು ವರ್ಚುವಲ್ ಮಷಿನ್ ಒಳಗೆ ಇಡಬಹುದು. ಗ್ಲಸ್ಟರ್‌ಎಫ್‌ಎಸ್ ಸ್ಟೋರೇಜ್‌ನ ಬೆಂಬಲವೂ 9ರಲ್ಲಿ ಇಲ್ಲ. ಹಲವು ಹೋಸ್ಟ್‌ಗಳ ಡಿಸ್ಕ್‌ಗಳನ್ನು ಒಂದಾಗಿಸುವ ಸೆಫ್ ಬಳಸುವವರು ಪ್ರಾಕ್ಸ್‌ಮಾಕ್ಸ್‌ಗೆ ಮುಂಚೆ ಸೆಫ್ ಅನ್ನು ಸ್ಕ್ವಿಡ್ ಆವೃತ್ತಿಗೆ ತರಬೇಕು.

ಸದ್ದಿಲ್ಲದೆ ತೊಂದರೆ ಕೊಡುವ ಬದಲಾವಣೆಯೊಂದು ಡೆಬಿಯನ್ 13ರದ್ದು: ಇಟಿಸಿಯಲ್ಲಿರುವ ‘ಸಿಸ್‌ಸಿಟಿಎಲ್.ಕಾನ್ಫ್’ ಕಡತವನ್ನು ಅದು ಬೂಟ್ ಆಗುವಾಗ ಓದುವುದಿಲ್ಲ. ಹೋಸ್ಟ್‌ನಲ್ಲಿ ವಿಪಿಎನ್ ಇಟ್ಟುಕೊಂಡು ಐಪಿ ಫಾರ್ವರ್ಡಿಂಗ್ ಚಾಲೂ ಮಾಡಿದವರು, ಗೆಸ್ಟ್‌ಗಳಿಗೆ ನ್ಯಾಟ್ ಕೊಟ್ಟವರು ಬಹುತೇಕ ಅದೇ ಕಡತದಲ್ಲಿ ಒಂದು ಸಾಲು ಬರೆದಿರುತ್ತಾರೆ. ಅಪ್‌ಗ್ರೇಡ್ ಯಶಸ್ವಿಯಾಗಿ, ಯಂತ್ರ ಎದ್ದು, ಎಲ್ಲವೂ ಹಸಿರಾಗಿ ಕಂಡರೂ ಗೆಸ್ಟ್‌ಗಳಿಗೆ ಮಾತ್ರ ಹೊರಜಗತ್ತು ಕಾಣದು. ಆ ಸಾಲುಗಳನ್ನು ‘ಸಿಸ್‌ಸಿಟಿಎಲ್.ಡಿ’ ಫೋಲ್ಡರ್‌ನೊಳಗೆ ಹೊಸ ಕಡತವೊಂದಕ್ಕೆ ಈಗಲೇ ಸಾಗಿಸಿಬಿಡಿ; 8ನೇ ಆವೃತ್ತಿಯಲ್ಲಿಯೂ ಅದು ಸರಿಯಾಗಿಯೇ ನಡೆಯುತ್ತದೆ.

ಡಿಸ್ಕ್ ಜಾಗವನ್ನೂ ನೋಡಿಕೊಳ್ಳಿ. ಮೂಲ ವಿಭಾಗದಲ್ಲಿ ಕನಿಷ್ಠ 5 ಜಿಬಿ, ಸಾಧ್ಯವಾದರೆ 10 ಜಿಬಿಗಿಂತ ಹೆಚ್ಚು ಖಾಲಿ ಇರಬೇಕು.

ಕರ್ನಲ್ಲನ್ನು ಮೊದಲೇ ಪರೀಕ್ಷಿಸುವುದು

8.4ರಲ್ಲಿ ರೂಢಿಯ ಕರ್ನಲ್ 6.8. 9.0 ಬಂದದ್ದು 6.14ರೊಂದಿಗೆ, ಆನಂತರದ 9.1 ಬಂದದ್ದು 6.17ರೊಂದಿಗೆ. ಇಷ್ಟು ದೊಡ್ಡ ಜಿಗಿತದಲ್ಲಿ ಹಳೆಯ ನೆಟ್‌ವರ್ಕ್ ಕಾರ್ಡ್, ಪಿಸಿಐ ಪಾಸ್‌ಥ್ರೂ (ಸಾಧನವನ್ನು ನೇರವಾಗಿ ಗೆಸ್ಟ್‌ಗೆ ಕೊಡುವುದು), ಕೈಯಾರೆ ಕಟ್ಟಿಕೊಂಡ ಡ್ರೈವರ್‌ಗಳು ಎಡವುವುದುಂಟು. ಒಳ್ಳೆಯ ಸಂಗತಿಯೆಂದರೆ 6.14 ಕರ್ನಲ್ 8ನೇ ಆವೃತ್ತಿಯಲ್ಲೂ ಐಚ್ಛಿಕವಾಗಿ ಸಿಗುತ್ತದೆ. ಅದನ್ನು ಸ್ಥಾಪಿಸಿ, ರೀಬೂಟ್ ಮಾಡಿ, ಕೆಲವು ದಿನ ಹಾಗೆಯೇ ಓಡಿಸಿ. ಹಾರ್ಡ್‌ವೇರ್‌ಗೂ ಹೊಸ ಕರ್ನಲ್‌ಗೂ ಹೊಂದಾಣಿಕೆಯಾಗದಿದ್ದರೆ ಅದು ಈಗಲೇ, ಹಿಂದಿನ ಕರ್ನಲ್‌ಗೆ ಮರಳುವುದು ಒಂದು ರೀಬೂಟ್‌ನಷ್ಟು ಸುಲಭವಾಗಿರುವಾಗಲೇ ತಿಳಿಯುತ್ತದೆ. ಈ ಪರೀಕ್ಷೆ 6.17ರ ಬಗ್ಗೆ ಎಲ್ಲವನ್ನೂ ಹೇಳುವುದಿಲ್ಲ, ಆದರೂ ಎರಡು ದೊಡ್ಡ ಬದಲಾವಣೆಗಳನ್ನು ಬೇರ್ಪಡಿಸಿ ಒಂದೊಂದಾಗಿ ಎದುರಿಸುವ ಅವಕಾಶ ಕೊಡುತ್ತದೆ. ಈ ಇಡೀ ಕ್ರಮದಲ್ಲಿ ನಾನು ಎಲ್ಲರಿಗೂ ಒತ್ತಾಯಿಸಿ ಹೇಳುವ ಹೆಜ್ಜೆ ಇದು.

ಹೊಸ ಕರ್ನಲ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ಗಳ ಹೆಸರುಗಳೂ ಬದಲಾಗಬಹುದು. ಗೆಸ್ಟ್‌ಗಳನ್ನು ಆ ಕಾರ್ಡ್‌ಗೆ ಜೋಡಿಸುವ ಬ್ರಿಡ್ಜ್ ಹಳೆಯ ಹೆಸರನ್ನೇ ಹುಡುಕುತ್ತಿದ್ದರೆ ಹೋಸ್ಟ್ ಎದ್ದರೂ ನೆಟ್‌ವರ್ಕ್‌ಗೆ ಬರುವುದಿಲ್ಲ. ಯಾವ ಹೆಸರಿಗೆ ಯಾವ ಮ್ಯಾಕ್ ವಿಳಾಸ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ, ಮಾನಿಟರ್ ಮುಂದೆ ಕುಳಿತು ಇಂಟರ್‌ಫೇಸಸ್ ಕಡತದಲ್ಲಿ ಹೆಸರು ತಿದ್ದುವುದು ಕೆಲವೇ ನಿಮಿಷಗಳ ಕೆಲಸ. 9ರಲ್ಲಿ ಹೆಸರುಗಳನ್ನು ಶಾಶ್ವತವಾಗಿ ಕಟ್ಟಿಹಾಕುವುದಕ್ಕೆಂದೇ ಒಂದು ಉಪಕರಣವಿದೆ. ಅಪ್‌ಗ್ರೇಡ್ ಮುಗಿದ ಮೇಲೆ ಅದನ್ನು ಬಳಸಿದರೆ ಮುಂದಿನ ಸಲ ಈ ಚಿಂತೆ ಇರುವುದಿಲ್ಲ.

ಅಪ್‌ಗ್ರೇಡ್

ಕೆಲಸದ ದಿನ ಮೊದಲು ಎಲ್ಲ ಗೆಸ್ಟ್‌ಗಳ ‘ಸ್ಟಾರ್ಟ್ ಅಟ್ ಬೂಟ್’ ಗುರುತನ್ನು ತೆಗೆಯಿರಿ, ಯಾವುದಕ್ಕೆ ಗುರುತಿತ್ತು ಎಂದು ಬರೆದಿಟ್ಟುಕೊಳ್ಳಿ. ಮಿನಿ ಪಿಸಿಗಳಲ್ಲಿ ಇರುವುದು ಒಂದೇ ಗ್ರಾಫಿಕ್ಸ್ ಭಾಗ. ಅದನ್ನು ಪಾಸ್‌ಥ್ರೂ ಮೂಲಕ ಪಡೆಯುವ ಗೆಸ್ಟ್ ತಾನಾಗಿ ಚಾಲೂ ಆದರೆ ಹೋಸ್ಟ್‌ನ ಪರದೆಯೇ ಮಾಯವಾಗುತ್ತದೆ, ಆಗ ದೋಷ ಹುಡುಕಲು ಕಣ್ಣಿಲ್ಲದಂತಾಗುತ್ತದೆ. ಮಾನಿಟರ್ ಮತ್ತು ಕೀಬೋರ್ಡ್ ಜೋಡಿಸಿ ಅಲ್ಲಿಂದಲೇ ಕೆಲಸ ಮಾಡುವುದು ಉತ್ತಮ. ಎಸ್‌ಎಸ್‌ಎಚ್ ಮೂಲಕ ಮಾಡುವುದಾದರೆ ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ ಮಾಡಿ. ವೆಬ್ ಪುಟದಲ್ಲಿರುವ ಶೆಲ್‌ನಿಂದ ಮಾತ್ರ ಖಂಡಿತ ಮಾಡಬೇಡಿ, ಏಕೆಂದರೆ ಆ ಪುಟವನ್ನು ನಡೆಸುವ ಸೇವೆಯೇ ಅಪ್‌ಗ್ರೇಡ್ ಮಧ್ಯದಲ್ಲಿ ನಿಂತು ಮತ್ತೆ ಹೊರಡುತ್ತದೆ.

ಇಟಿಸಿಯೊಳಗಿನ ಎಪಿಟಿ ಫೋಲ್ಡರ್‌ನಲ್ಲಿ, ಪ್ಯಾಕೇಜ್‌ಗಳು ಸಿಗುವ ತಾಣಗಳನ್ನು (ರಿಪಾಸಿಟರಿಗಳನ್ನು) ಹೇಳುವ ಸೋರ್ಸಸ್ ಕಡತಗಳಿವೆ. ಅವುಗಳಲ್ಲಿ ‘ಬುಕ್‌ವರ್ಮ್’ ಎಂದಿರುವ ಕಡೆಗಳಲ್ಲೆಲ್ಲ ‘ಟ್ರಿಕ್ಸಿ’ ಎಂದು ಬದಲಿಸಬೇಕು. ಡೆಬಿಯನ್‌ನ ಮೂಲ ಸಾಲುಗಳು, ಭದ್ರತೆಯ ಸಾಲು, ಪ್ರಾಕ್ಸ್‌ಮಾಕ್ಸ್‌ನ ಸಾಲು, ಸೆಫ್ ಇದ್ದರೆ ಅದರ ಸಾಲು, ಇವುಗಳಲ್ಲಿ ಒಂದೂ ಬಿಟ್ಟುಹೋಗಬಾರದು. ಚಂದಾ ಇಲ್ಲದ ಮನೆಬಳಕೆದಾರರು ‘ನೋ-ಸಬ್‌ಸ್ಕ್ರಿಪ್ಷನ್’ ರಿಪಾಸಿಟರಿ ಸಕ್ರಿಯವಾಗಿದೆಯೇ, ಎಂಟರ್‌ಪ್ರೈಸ್ ರಿಪಾಸಿಟರಿ ನಿಷ್ಕ್ರಿಯವಾಗಿದೆಯೇ ಎಂದು ನೋಡಬೇಕು. ಡಾಕರ್, ವಿಪಿಎನ್ ಮುಂತಾದ ಹೊರಗಿನ ರಿಪಾಸಿಟರಿಗಳನ್ನು ಅಪ್‌ಗ್ರೇಡ್ ಮುಗಿಯುವವರೆಗೆ ನಿಷ್ಕ್ರಿಯಗೊಳಿಸುವುದು ಕ್ಷೇಮ.

ಈಗ ‘ಎಪಿಟಿ ಅಪ್‌ಡೇಟ್’ ಕೊಡಿ. ದೋಷವಿಲ್ಲದೆ ಮುಗಿದರೆ, ಮೇಲೆ ಹೇಳಿದಂತೆ ಪ್ಯಾಕೇಜ್‌ಗಳನ್ನು ಇಳಿಸಿಕೊಂಡು, ಗೆಸ್ಟ್‌ಗಳನ್ನು ನಿಲ್ಲಿಸಿ, ‘ಎಪಿಟಿ ಡಿಸ್ಟ್-ಅಪ್‌ಗ್ರೇಡ್’ ಕೊಡಿ. ಬರಿಯ ‘ಎಪಿಟಿ ಅಪ್‌ಗ್ರೇಡ್’ ಪ್ರಾಕ್ಸ್‌ಮಾಕ್ಸ್‌ನಲ್ಲಿ ಸಲ್ಲದು. ಅವಲಂಬನೆಗಳು ಬದಲಾದಾಗ ಕೆಲವು ಪ್ಯಾಕೇಜ್‌ಗಳನ್ನು ಹಳೆಯದಾಗಿಯೇ ಬಿಟ್ಟು ವ್ಯವಸ್ಥೆಯನ್ನು ಅರೆಬರೆ ಮಾಡುತ್ತದೆ. ಒಪ್ಪಿಗೆ ಕೊಡುವ ಮುನ್ನ ತೆಗೆದುಹಾಕಲಾಗುವ ಪ್ಯಾಕೇಜ್‌ಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಅದರಲ್ಲಿ ‘ಪ್ರಾಕ್ಸ್‌ಮಾಕ್ಸ್-ವಿಇ’ ಎಂಬ ಹೆಸರಿದ್ದರೆ ರಿಪಾಸಿಟರಿಯ ಸಾಲೊಂದು ತಪ್ಪಿದೆ ಎಂದರ್ಥ. ಅಲ್ಲಿಯೇ ನಿಲ್ಲಿಸಿ, ಸಾಲುಗಳನ್ನು ಸರಿಪಡಿಸಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಕೆಲವು ನಿಮಿಷ, ನಿಧಾನದ ಡಿಸ್ಕ್‌ಗಳಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯಬಹುದು.

ನಡುವೆ ಬದಲಾವಣೆಗಳ ಉದ್ದನೆಯ ಪಟ್ಟಿಯೊಂದು ಪರದೆಯಲ್ಲಿ ನಿಂತರೆ ‘ಕ್ಯೂ’ ಒತ್ತಿ ಮುಂದೆ ಹೋಗಿ. ಆನಂತರ ಕೆಲವು ಸಂರಚನಾ ಕಡತಗಳ ಬಗ್ಗೆ, ನಿಮ್ಮದನ್ನು ಉಳಿಸಬೇಕೇ ಹೊಸದನ್ನು ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಎಲ್‌ವಿಎಂ ಸಂರಚನೆಯನ್ನು ನೀವು ಕೈಯಾರೆ ತಿದ್ದಿರದಿದ್ದರೆ ಹೊಸದನ್ನೇ ತೆಗೆದುಕೊಳ್ಳಿ; ಎಸ್‌ಎಸ್‌ಎಚ್ ಸರ್ವರ್‌ನ ಕಡತಕ್ಕೂ ಇದೇ ಮಾತು. ‘ಇಶ್ಯೂ’ ಎಂಬ ಕಡತವನ್ನು ಇದ್ದಂತೆಯೇ ಬಿಡಿ. ಗ್ರಬ್‌ನ ಕಡತದ ಪ್ರಶ್ನೆ ಬಂದರೆ ತುಸು ನಿಲ್ಲಬೇಕು: ಅದನ್ನು ನೀವು ಹಿಂದೆ ತಿದ್ದಿರುವುದರಿಂದಲೇ ಆ ಪ್ರಶ್ನೆ ಬಂದಿರುತ್ತದೆ. ಪಾಸ್‌ಥ್ರೂಗಾಗಿ ಸೇರಿಸಿದ ಐಓಎಂಎಂಯು ಆಯ್ಕೆ ಅದರಲ್ಲಿ ಇರಬಹುದು. ‘ಡಿ’ ಒತ್ತಿ ವ್ಯತ್ಯಾಸ ನೋಡಿ, ನಿಮ್ಮ ಸಾಲು ಉಳಿಯುವಂತೆ ಉತ್ತರಿಸಿ.

ಮುಗಿದ ಮೇಲೆ, ರೀಬೂಟ್‌ಗೆ ಮುಂಚೆಯೇ ‘ಪಿವಿಇ8ಟು9’ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿ. ಬೂಟ್ ವಿಭಾಗದ ಕುರಿತ ದೋಷವೇನಾದರೂ ಉಳಿದಿದ್ದರೆ ಯಂತ್ರ ಇನ್ನೂ ಎದ್ದಿರುವಾಗಲೇ ಸರಿಪಡಿಸಲು ಇದೇ ಕೊನೆಯ ಅವಕಾಶ. 6.14 ಕರ್ನಲ್ಲನ್ನು ಮೊದಲೇ ಬಳಸುತ್ತಿದ್ದವರೂ ರೀಬೂಟ್ ಮಾಡಲೇಬೇಕು. ಹೊಸ ವ್ಯವಸ್ಥೆಗಾಗಿ ಕಟ್ಟಿದ ಕರ್ನಲ್ ಬೇರೆಯದು.

ಎದ್ದ ನಂತರ

ಹೋಸ್ಟ್ ಎದ್ದೊಡನೆ ಗೆಸ್ಟ್‌ಗಳನ್ನೆಲ್ಲ ಒಟ್ಟಿಗೆ ಎಬ್ಬಿಸಬೇಡಿ. ಬ್ರೌಸರ್‌ನಲ್ಲಿ ಹಳೆಯ ಪುಟದ ಅವಶೇಷ ಉಳಿಯದಂತೆ ಕಂಟ್ರೋಲ್, ಶಿಫ್ಟ್, ಆರ್ ಒತ್ತಿ ಪುಟವನ್ನು ಹೊಸದಾಗಿ ತೆರೆಯಿರಿ. ಆವೃತ್ತಿ 9 ಎಂದು ತೋರಿಸುತ್ತಿದೆಯೇ, ಸ್ಟೋರೇಜ್‌ಗಳೆಲ್ಲ ಸಕ್ರಿಯವಾಗಿವೆಯೇ, ಜೆಡ್‌ಎಫ್‌ಎಸ್ ಪೂಲ್ ಆರೋಗ್ಯವಾಗಿದೆಯೇ, ವಿಫಲವಾದ ಸೇವೆಗಳೇನಾದರೂ ಇವೆಯೇ ಎಂದು ನೋಡಿ. ಆನಂತರ ರೌಟರ್, ಅದರ ಬಳಿಕ ಡಿಎನ್‌ಎಸ್, ಅದರ ಬಳಿಕ ಉಳಿದವು, ಈ ಕ್ರಮದಲ್ಲಿ ಒಂದೊಂದಾಗಿ ಚಾಲೂ ಮಾಡಿ, ಪ್ರತಿಯೊಂದರ ಕೆಲಸ ಪರೀಕ್ಷಿಸಿ, ‘ಸ್ಟಾರ್ಟ್ ಅಟ್ ಬೂಟ್’ ಗುರುತನ್ನು ಮರಳಿ ಹಾಕುತ್ತಾ ಹೋಗಿ. ಹೊಸ ಕರ್ನಲ್‌ನಲ್ಲಿ ಯಾವುದೋ ಸಾಧನ ಕೈಕೊಟ್ಟರೆ ಬೂಟ್ ಪಟ್ಟಿಯಿಂದ ಹಿಂದಿನ ಕರ್ನಲ್ ಆರಿಸಿ, ಅದು ಸರಿಹೋದರೆ ಪ್ರಾಕ್ಸ್‌ಮಾಕ್ಸ್‌ನ ಬೂಟ್ ಉಪಕರಣದಿಂದ ಅದನ್ನೇ ಪಿನ್ ಮಾಡಬಹುದು. ತಾತ್ಕಾಲಿಕವಾಗಿ ತಿರುಗಿಸಿದ ಡಿಎನ್‌ಎಸ್ ಸೆಟ್ಟಿಂಗನ್ನು ಹಿಂದಿನಂತೆ ಮಾಡಿ. ಸೋರ್ಸಸ್ ಕಡತಗಳನ್ನು ಡೆಬಿಯನ್‌ನ ಹೊಸ ಶೈಲಿಗೆ ತರುವ ‘ಎಪಿಟಿ ಮಾಡರ್ನೈಸ್-ಸೋರ್ಸಸ್’ ಆಜ್ಞೆಯನ್ನು ಕೊಡುವುದಕ್ಕೂ ಇದೇ ಸಮಯ.

ಎರಡು ಮೂರು ಹೋಸ್ಟ್‌ಗಳ ಕ್ಲಸ್ಟರ್ ಇರುವವರು ಒಂದರ ನಂತರ ಒಂದನ್ನು ಮಾಡಬೇಕು. ಹಳೆಯ ಹೋಸ್ಟ್‌ನಿಂದ ಹೊಸದಕ್ಕೆ ಓಡುತ್ತಿರುವ ಗೆಸ್ಟನ್ನು ಸಾಗಿಸಬಹುದು. ಹೊಸದರಿಂದ ಹಳೆಯದಕ್ಕೆ ಸಾಗಿಸುವುದು ನಡೆಯದೇ ಹೋಗಬಹುದು. ಹಾಗಾಗಿ ಅರ್ಧ ಕ್ಲಸ್ಟರ್ 8, ಅರ್ಧ 9 ಎಂಬ ಸ್ಥಿತಿಯಲ್ಲಿ ಬಹಳ ದಿನ ಇರಬೇಡಿ.

ಕೊನೆಯದಾಗಿ ಜೆಡ್‌ಎಫ್‌ಎಸ್. ಅಪ್‌ಗ್ರೇಡ್ ಆದ ಮೇಲೆ, ಪೂಲ್‌ನಲ್ಲಿ ಹೊಸ ವೈಶಿಷ್ಟ್ಯಗಳನ್ನು ಸಕ್ರಿಯಗೊಳಿಸಬಹುದು ಎಂಬ ಸೂಚನೆ ಕಾಣಿಸುತ್ತದೆ. ಅದು ದೋಷವಲ್ಲ, ಅವಸರದ ಕೆಲಸವೂ ಅಲ್ಲ. ಅದನ್ನು ಸಕ್ರಿಯಗೊಳಿಸಿದರೆ ಹಳೆಯ ಆವೃತ್ತಿಯ ಜೆಡ್‌ಎಫ್‌ಎಸ್ ಆ ಪೂಲನ್ನು ತೆರೆಯಲಾರದು, ನೀವು ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ಮರಳುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತದೆ. ಗ್ರಬ್ ಮೂಲಕ ನೇರವಾಗಿ ಬೂಟ್ ಆಗುವ ಪೂಲ್ ಆಗಿದ್ದರೆ ಯಂತ್ರವೇ ಏಳದೆ ಹೋಗಬಹುದು. ಎಲ್ಲ ಗೆಸ್ಟ್‌ಗಳೂ ಕೆಲವು ವಾರ ನೆಮ್ಮದಿಯಾಗಿ ಓಡಿ, ಹೊಸ ಆವೃತ್ತಿಯಿಂದ ತೆಗೆದ ಬ್ಯಾಕಪ್ ಒಂದನ್ನು ರಿಸ್ಟೋರ್ ಮಾಡಿ ನೋಡಿದ ಮೇಲೆ ಮೊದಲು ಹಳೆಯ ಸ್ನ್ಯಾಪ್‌ಶಾಟನ್ನು ಅಳಿಸಿ, ಆಮೇಲೆ ಬೇಕಿದ್ದರೆ ಡೇಟಾ ಪೂಲ್‌ನ ವೈಶಿಷ್ಟ್ಯಗಳನ್ನು ಸಕ್ರಿಯಗೊಳಿಸಿ. ಬೂಟ್ ಪೂಲನ್ನು ಮಾತ್ರ, ಹೊಸ ವೈಶಿಷ್ಟ್ಯವೊಂದು ನಿಜವಾಗಿ ಬೇಕಾಗುವವರೆಗೆ, ಇದ್ದ ಹಾಗೆಯೇ ಇರಗೊಡಿ.